ಮಸೆಗಲ್ಲಿನ ವಿದ್ಯೆ

ನಮ್ಮ ಕಾಲೇಜಿನಲ್ಲಿ ಹರಿತದ ಮಾತು ಬಹಳ. ಒಬ್ಬ ವಿದ್ಯಾರ್ಥಿಯ ಬುದ್ಧಿ ಹರಿತ, ಇನ್ನೊಬ್ಬನ ಬರವಣಿಗೆ ಸಾಣೆ ಹಿಡಿದದ್ದು, ಮತ್ತೊಬ್ಬನ ವಾದ ಕೂದಲು ಸೀಳುವಂಥದು. ತತ್ತ್ವಶಾಸ್ತ್ರದ ಪಾಠದಲ್ಲಿ ಹದಿನಾಲ್ಕನೆಯ ಶತಮಾನದ ಓಕ್ಯಾಮ್ ಎಂಬ ಇಂಗ್ಲಿಷ್ ಸಂನ್ಯಾಸಿಯ ಹೆಸರಿನ ಕ್ಷೌರದ ಕತ್ತಿಯೊಂದು ಬರುತ್ತದೆ. ಬೇಡದ ಊಹೆಗಳನ್ನು ಬೋಳಿಸಿ ತೆಗೆಯುವುದು ಅದರ ಕೆಲಸ. ಕಠೋಪನಿಷತ್ತಿನಲ್ಲಿ ಇನ್ನೊಂದು ಕತ್ತಿಯಿದೆ. ಆತ್ಮಜ್ಞಾನದ ದಾರಿಯನ್ನು ಅಲ್ಲಿ ಅದರ ಅಲಗಿಗೆ ಹೋಲಿಸಿದ್ದಾರೆ. ಈ ಎರಡು ಕತ್ತಿಗಳ ಮೇಲೂ ನಾನು ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ಪಡೆದಿದ್ದೇನೆ. ಮೂರನೆಯ ಕತ್ತಿ ಚಾಮರಾಜಪೇಟೆಯಲ್ಲಿ ನಮ್ಮ ತಂದೆಯವರ ಅಂಗಡಿಯ ಗೂಡಿನಲ್ಲಿದೆ. ಅದನ್ನು ಮಸೆಯುವ ಕೆಲಸಕ್ಕೆ ವಿದ್ಯೆಯೆಂಬ ಹೆಸರನ್ನು ಯಾವ ತರಗತಿಯಲ್ಲಿಯೂ ನಾನು ಕೇಳಲಿಲ್ಲ. ಉಪನಿಷತ್ಕಾರರಿಗೆ ಆ ಹೋಲಿಕೆ ಹೊಳೆಯಬೇಕಾದರೆ, ಅವರ ಕಾಲದಲ್ಲಿ ಯಾರೋ ಒಬ್ಬನು ಕಲ್ಲಿನ ಮುಂದೆ ಕುಳಿತು ಅಷ್ಟು ಹರಿತವಾದ ಅಲಗನ್ನು ಮಾಡಿ ತೋರಿಸಿದ್ದಿರಬೇಕಷ್ಟೆ. ಅವನ ಪರವಾಗಿ ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಾತ ನಾಗಸ್ವರ ನುಡಿಸುತ್ತಿದ್ದರು, ಕ್ಷೌರವನ್ನೂ ಮಾಡುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿ ನಮ್ಮ ಸವಿತಾ ಸಮಾಜದವರ ಮನೆಗಳಲ್ಲಿ ಈ ಎರಡು ಕಸಬುಗಳು ಒಂದೇ ಸೂರಿನ ಕೆಳಗೆ ಇರುವುದು ಹೊಸದೇನಲ್ಲ. ಧಾರೆಯ ಹೊತ್ತಿಗೆ ಮಂಗಳವಾದ್ಯ ಊದಲು ಆ ಮನುಷ್ಯ ಬೇಕು. ಮಾರನೆಯ ಬೆಳಿಗ್ಗೆ ಅವನೇ ಬೀದಿಯಲ್ಲಿ ಎದುರಾದರೆ ಅಪಶಕುನ! ನಮ್ಮ ಕಸಬಿನ ಹೆಸರು ಇಂದಿಗೂ ಬೈಗುಳವಾಗಿ ಉಳಿದಿರುವುದನ್ನು ಈ ಕಾಲೇಜಿನ ಪಡಸಾಲೆಯಲ್ಲಿ ನಡೆದಾಡುವ ಯಾರಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದಿರಲಿ.

ಈಚೆಗೆ ನಗರದಲ್ಲಿ ಒಂದು ಹೊಸ ಹವ್ಯಾಸ ಕಾಣಿಸಿಕೊಂಡಿದೆ. ಒಳ್ಳೆಯ ಸಂಬಳದಲ್ಲಿರುವ ಕೆಲವು ತರುಣರು ಮಡಿಸುವ ಹಳೆಯ ಮಾದರಿಯ ಕತ್ತಿಯಿಂದ ತಮ್ಮ ಗಡ್ಡವನ್ನು ತಾವೇ ಹೆರೆದುಕೊಳ್ಳುತ್ತಾರೆ. ಜರ್ಮನಿಯ ಸೋಲಿಂಗೆನ್ ಊರಿನ ಕತ್ತಿಯನ್ನೂ ಬೆಲ್ಜಿಯಂ ದೇಶದ ಹಳದಿ ಕಲ್ಲನ್ನೂ ತರಿಸುತ್ತಾರೆ. ಆ ಅಂಗೈಯಗಲದ ಕಲ್ಲಿಗೆ ಹತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟು ಕೊಡುವವರೂ ಉಂಟು. ಅಂಥವರೊಬ್ಬರು ಸ್ನೇಹಿತರೊಡನೆ ಮಲ್ಲೇಶ್ವರದಿಂದ ನಮ್ಮ ಅಂಗಡಿಗೆ ಬಂದಿದ್ದರು. ತಂದೆಯವರು ಹಳೆಯ ಕೈಯೆಂದು ಯಾರೋ ಹೇಳಿದ್ದರಂತೆ. ಕಲ್ಲನ್ನು ನೋಡಿದರು, ಕತ್ತಿಯನ್ನು ನೋಡಿದರು, ವಿನಯದಿಂದಲೇ ಕೇಳಿದರು:

"ನೀವು ಮಸೆಯುವಾಗ ಎಷ್ಟು ಡಿಗ್ರಿ ಇಡ್ತೀರಿ?"

"ಡಿಗ್ರಿ ನಮಗೆಲ್ಲಿ ಬರಬೇಕು ಸಾರ್? ನಮ್ಮ ಹುಡುಗನಿಗೆ ಈ ವರ್ಷ ಬರುತ್ತೆ."

ಎಲ್ಲರೂ ನಕ್ಕರು. ಬಳಿಕ ತಂದೆಯವರು ಗಂಭೀರವಾಗಿ, "ಬೆನ್ನು ಕಲ್ಲನ್ನ ಬಿಡಬಾರದು ಸಾರ್, ಅಷ್ಟೇ" ಎಂದರು. ಬಂದವರಿಗೆ ಅದು ಉತ್ತರವೆಂದು ತೋರಲಿಲ್ಲ. ಹೊರಡುವಾಗ ಜೊತೆಯವರಿಗೆ ಇಂಗ್ಲಿಷಿನಲ್ಲಿ, ಇವರದೆಲ್ಲ ಕೈಯ ರೂಢಿ, ಹಿಂದಿನ ಶಾಸ್ತ್ರ ತಿಳಿಯದು ಎಂಬರ್ಥ ಬರುವಂತೆ ಹೇಳಿದರು. ಮೂಲೆಯ ಬೆಂಚಿನ ಮೇಲೆ ಕುಳಿತವನ ಕೈಯಲ್ಲಿದ್ದುದು ಐಚ್ಛಿಕ ಇಂಗ್ಲಿಷಿನ ಪಠ್ಯಪುಸ್ತಕವೆಂಬುದನ್ನು ಅವರು ಗಮನಿಸಿರಲಾರರು.

ಅವರು ಕೆಟ್ಟವರಲ್ಲ. ಆದರೆ ಅವರ ಮಾತು ಸರಿಯೆ? ನನಗೆ ಸಮಾಧಾನವಾಗದೆ ವಿಜ್ಞಾನದ ಗೆಳೆಯನೊಬ್ಬನಿಂದ ವರ್ನಿಯರ್ ಕ್ಯಾಲಿಪರ್ ತಂದು ನಮ್ಮ ಕತ್ತಿಯನ್ನು ಅಳೆದೆ. ಬೆನ್ನಿನ ದಪ್ಪ ೫ ಮಿಲಿಮೀಟರು. ಬೆನ್ನಿನಿಂದ ಬಾಯಿಯವರೆಗಿನ ಅಗಲ ೧೮ ಮಿಲಿಮೀಟರು. ಕ್ಷೌರದ ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಮಸೆಯುತ್ತಾರೆ. ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರುತ್ತವೆ. ಹಾಗಿರುವಾಗ ಎರಡು ಬದಿಯ ಇಳಿಜಾರುಗಳು ಬಾಯಲ್ಲಿ ಕೂಡುವ ಕೋನವನ್ನು ಮಸೆಯುವವನು ಗೊತ್ತುಮಾಡುವುದೇ ಇಲ್ಲ. ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಇರುವ ಪ್ರಮಾಣವೇ ಅದನ್ನು ಗೊತ್ತುಮಾಡುತ್ತದೆ. ಎಸ್.ಎಸ್.ಎಲ್.ಸಿ. ತರಗತಿಯ ತ್ರಿಕೋನಮಿತಿ ಸಾಕು: ನಮ್ಮ ಕತ್ತಿಯಲ್ಲಿ ಅದು ೧೬ ಡಿಗ್ರಿ. ಬಡಗಿಯ ಉಳಿಗೆ ೨೫ರಿಂದ ೩೦, ಅಡಿಗೆಮನೆಯ ಚಾಕುವಿಗೆ ಎರಡು ಬದಿಯೂ ಸೇರಿ ೩೦ರಿಂದ ೪೦ ಡಿಗ್ರಿ ಇರುವುದುಂಟು. ಅವುಗಳಲ್ಲಿ ಕೋನವನ್ನು ಕೈ ಹಿಡಿದು ನಿಲ್ಲಿಸಬೇಕು. ಕ್ಷೌರದ ಕತ್ತಿಯಲ್ಲಿ ಅದನ್ನು ಕಮ್ಮಾರನು ಉಕ್ಕಿನ ಮೈಯಲ್ಲಿಯೇ ಬರೆದಿಟ್ಟಿರುತ್ತಾನೆ.

ಇನ್ನೂ ಸ್ವಾರಸ್ಯವಾದದ್ದು ಮುಂದಿದೆ. ವರ್ಷಾನುಗಟ್ಟಲೆ ಮಸೆದಾಗ ಬಾಯಿ ಸವೆದು ಅಲಗಿನ ಅಗಲ ೧೫ ಮಿಲಿಮೀಟರಿಗೆ ಇಳಿಯಿತೆನ್ನೋಣ. ಬೆನ್ನು ಸವೆಯದೆ ಹಾಗೆಯೇ ಉಳಿದಿದ್ದರೆ ಕೋನ ೧೯ ಡಿಗ್ರಿಯನ್ನು ದಾಟಿ ಕತ್ತಿ ಮೊಂಡು ಬೀಳುತ್ತದೆ. ಬೆನ್ನೂ ಕಲ್ಲಿಗೆ ತಾಗಿ ಸವೆದು ೪.೨ ಮಿಲಿಮೀಟರಿಗೆ ಬಂದಿದ್ದರೆ? ಕೋನ ಮತ್ತೆ ೧೬ ಡಿಗ್ರಿಯೇ! ಬೆನ್ನು ಕಲ್ಲನ್ನು ಬಿಡಬಾರದೆಂಬ ಮಾತಿನಲ್ಲಿ ಈ ಗಣಿತವೆಲ್ಲ ಅಡಗಿದೆ. ಮೊದಲು ಎಲ್ಲಿ ಹಿಡಿಯಬೇಕೆಂಬುದು ಮಾತ್ರವಲ್ಲ, ಮೂವತ್ತು ವರ್ಷಗಳ ಸವೆತದಲ್ಲಿ ಕೋನವನ್ನು ಹೇಗೆ ಕಾಪಾಡಬೇಕೆಂಬುದೂ ಅದೇ ಮೂರು ಪದಗಳಲ್ಲಿದೆ. ಹವ್ಯಾಸಿಗಳು ಸವೆತ ಕಾಣಬಾರದೆಂದು ಬೆನ್ನಿಗೆ ತೆಳ್ಳನೆಯ ಟೇಪು ಸುತ್ತುತ್ತಾರೆ. ಒಂದು ಸುತ್ತು ಟೇಪಿಗೆ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಕತ್ತಿ ಚೆಂದವಾಗಿ ಉಳಿಯಲೆಂಬುದು ಅವರ ಬಯಕೆ. ದಿನಕ್ಕೆ ಇಪ್ಪತ್ತು ಗಲ್ಲ ಕಾಣುತ್ತಿದ್ದ ತಾತನಿಗೆ ಕತ್ತಿಯ ಚೆಂದಕ್ಕಿಂತ ಗಿರಾಕಿಯ ಗಲ್ಲ ದೊಡ್ಡದಾಗಿತ್ತು.

ಕೋನವನ್ನು ಕತ್ತಿಯೇ ನೋಡಿಕೊಳ್ಳುವುದಾದರೆ ಮಸೆಯುವವನ ವಿದ್ಯೆ ಎಲ್ಲಿದೆ? ಕಲ್ಲಿನಲ್ಲಿದೆ, ಕೈಯ ಭಾರದಲ್ಲಿದೆ, ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿದೆ.

ಕಲ್ಲಿನ ಮಾತನ್ನು ಬೆಂಗಳೂರಿಗರಿಗೆ ಹೇಳುವುದು ಸುಲಭ. ಬಸವನಗುಡಿಯ ಕಹಳೆಬಂಡೆಯನ್ನೂ ಲಾಲ್‌ಬಾಗಿನ ಬಂಡೆಯನ್ನೂ ನೋಡದವರಿಲ್ಲ. ಲಾಲ್‌ಬಾಗಿನದು ಸುಮಾರು ೩೦೦ ಕೋಟಿ ವರ್ಷ ಹಳೆಯ ಶಿಲೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಈ ಜಾತಿಯ ಕಲ್ಲಿನಿಂದ ಒರಳು ಮಾಡಬಹುದು, ಕಂಬ ನಿಲ್ಲಿಸಬಹುದು, ದೊಡ್ಡ ಬಸವಣ್ಣನನ್ನೇ ಕಡೆಯಬಹುದು. ಕ್ಷೌರದ ಕತ್ತಿಯನ್ನು ಮಾತ್ರ ಇದರ ಹತ್ತಿರ ತರಬಾರದು. ಇದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರದ ಹರಳುಗಳು ಕಣ್ಣಿಗೆ ಕಾಣುವಷ್ಟು ದಪ್ಪ, ಗಟ್ಟಿತನದಲ್ಲಿ ಒಂದರ ಹಾಗೆ ಒಂದಿಲ್ಲ. ಕುಡುಗೋಲಿಗೆ ಹರಳು ದಪ್ಪವಾಗಿದ್ದರೂ ನಡೆಯುತ್ತದೆ. ಕ್ಷೌರದ ಕತ್ತಿಗೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಸಣ್ಣನೆಯ, ಎಲ್ಲ ಕಡೆಯೂ ಸಮನಾದ ಕಣ. ಬೆಲ್ಜಿಯಂ ಕಲ್ಲಿನಲ್ಲಿ ಆ ಕೆಲಸ ಮಾಡುವವು ಅಭ್ರಕದ ನಡುವೆ ಹುದುಗಿರುವ ಪುಟ್ಟ ಗಾರ್ನೆಟ್ ಹರಳುಗಳು. ಅಮೆರಿಕದ ಆರ್ಕನ್ಸಾ ಸೀಮೆಯ ಮಸೆಗಲ್ಲಿಗೆ ನೊವಾಕ್ಯುಲೈಟ್ ಎಂದು ಹೆಸರು. ಲ್ಯಾಟಿನಿನಲ್ಲಿ ನೊವಾಕುಲ ಎಂದರೆ ಕ್ಷೌರದ ಕತ್ತಿಯೇ. ಜಪಾನಿನವರು ಕ್ಯೋಟೋ ನಗರದ ಸುತ್ತಣ ಬೆಟ್ಟಗಳ ಕಲ್ಲನ್ನು ಕೊಂಡಾಡುತ್ತಾರೆ.

ನಮ್ಮ ಮನೆಯ ಕಲ್ಲು ಬೂದುಗಪ್ಪು ಬಣ್ಣದ ನುಣುಪಾದ ಪದರುಗಲ್ಲು. ಚಿತ್ರದುರ್ಗದ ಕಡೆಯಿಂದ ಹೊತ್ತು ತಂದು ಮಾರುತ್ತಿದ್ದವನಿಂದ ತಾತ ಕೊಂಡದ್ದು. ಕೊಳ್ಳುವಾಗ ಅವರು ಕಲ್ಲನ್ನು ನೆನೆಸಿ ಹೆಬ್ಬೆರಳಿನ ಉಗುರನ್ನು ಉದ್ದಕ್ಕೂ ಎಳೆಯುತ್ತಿದ್ದರಂತೆ. ಎಲ್ಲಿಯಾದರೂ ಉಗುರು ಗೀರಿದರೆ ಅಲ್ಲಿ ಒಂದು ಒರಟು ಹರಳು ಅಡಗಿದೆಯೆಂದು ಅರ್ಥ; ಆ ಕಲ್ಲು ಬೇಡ. ನೀರು ಎಷ್ಟು ಬೇಗ ಹೀರುತ್ತದೆಂದು ನೋಡಿ ಅದರ ಮೆದುತನವನ್ನು ಅಳೆಯುತ್ತಿದ್ದರು. ಮಾದರಿ ಆರಿಸುವುದು, ಪರೀಕ್ಷಿಸುವುದು, ತಿರಸ್ಕರಿಸುವುದು: ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಬೇರೆ ಏನು ಮಾಡುತ್ತಾರೋ ನಾನು ಕಾಣೆ.

ಮಸೆಯುವಾಗ ಬಾಯಿ ಮುಂದಾಗಿ ಚಲಿಸಬೇಕು, ಕಲ್ಲಿನ ಮೇಲಿನ ತೆಳ್ಳನೆಯ ಪದರವೊಂದನ್ನು ಹೆರೆದು ತೆಗೆಯುವವನ ಹಾಗೆ. ಅಲಗು ಕಲ್ಲಿಗಿಂತ ಉದ್ದವಾದ್ದರಿಂದ ಬುಡದಿಂದ ತುದಿಗೆ ಓರೆಯಾಗಿ ಎಳೆಯಬೇಕು. ಒಂದು ಬದಿಗೆ ಎಷ್ಟೋ ಇನ್ನೊಂದು ಬದಿಗೂ ಅಷ್ಟೇ. ಮೊದಲು ಬೆರಳಿನ ಭಾರ, ಆಮೇಲೆ ಕತ್ತಿಯ ಭಾರ ಮಾತ್ರ. ಹೆಚ್ಚು ಮಸೆದರೆ ಬಾಯಂಚಿನಲ್ಲಿ ಕೂದಲೆಳೆಯಂಥ ಉಕ್ಕಿನ ಸಿಪ್ಪೆ ಏಳುತ್ತದೆ. ಅದು ಬೆರಳಿಗೆ ಬಹಳ ಹರಿತವೆಂದು ತೋರಿ, ಗಲ್ಲದ ಮೇಲೆ ಎರಡು ಎಳೆತಕ್ಕೆ ಮುರಿದು ಕೆರೆಯುತ್ತದೆ. ಹೊಸಬನು ಮೋಸಹೋಗುವುದು ಇಲ್ಲಿಯೇ. ಕಲ್ಲಿನ ಮೇಲೆ ಕತ್ತಿ ಎಬ್ಬಿಸುವ ಸದ್ದು ಬದಲಾಗುವುದನ್ನು ಕೇಳಿ ತಂದೆಯವರು ನಿಲ್ಲಿಸುತ್ತಾರೆ. (ನಾಗಸ್ವರದ ಮನೆಯವರಿಗೆ ಕಿವಿ ಸೂಕ್ಷ್ಮವಾಗಿರುವುದು ಇಲ್ಲಿಯೂ ಉಪಯೋಗಕ್ಕೆ ಬಂತೆಂದು ನನ್ನ ಊಹೆ.) ಆಮೇಲೆ ತೊಗಲಿನ ಪಟ್ಟಿ. ಅಲ್ಲಿ ಎಲ್ಲವೂ ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿ ಮುಂದಾಗಿ ಎಳೆದರೆ ಪಟ್ಟಿಯೇ ಎರಡು ತುಂಡು.

ಗಡ್ಡವನ್ನು ಚೆನ್ನಾಗಿ ನೆನೆಸಿದರೆ ಅರ್ಧ ಕ್ಷೌರ ಮುಗಿದಂತೆ, ಇಲ್ಲದಿದ್ದರೆ ಕೂದಲು ಕತ್ತಿಯನ್ನು ತಿನ್ನುತ್ತದೆ ಎಂದು ತಂದೆಯವರು ಹೇಳುವುದುಂಟು. ಉಕ್ಕನ್ನು ಕೂದಲು ತಿನ್ನುವುದೆಂದರೇನು ಎಂದು ಚಿಕ್ಕಂದಿನಲ್ಲಿ ನಗುತ್ತಿದ್ದೆವು. ೨೦೨೦ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ಇದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉಕ್ಕು ಕೂದಲಿಗಿಂತ ಸುಮಾರು ೫೦ ಪಾಲು ಗಟ್ಟಿ. ಆದರೂ ಉಕ್ಕಿನ ಒಳರಚನೆ ಸಮನಾಗಿಲ್ಲದ ಕಡೆ, ಕೂದಲು ಓರೆಯಾಗಿ ಎದುರಾದರೆ, ಅಲಗಿನ ಅಂಚು ಚೂರುಚೂರಾಗಿ ಸಿಡಿಯುತ್ತದಂತೆ. ಮಹಾಸಂಸ್ಥೆಯ ಬೆಂಬಲ ಸಿಕ್ಕ ಮೇಲೆ ನಾವು ನಗುವುದನ್ನು ಬಿಟ್ಟಿದ್ದೇವೆ.

ಉಕ್ಕಿನ ಮಾತು ಬಂದಾಗ ಚರಿತ್ರೆಯ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನೆಯಬಹುದು. ೧೭೯೦ರ ದಶಕದಲ್ಲಿ ದಕ್ಷಿಣ ಭಾರತದ ಮೂಸೆಯುಕ್ಕಿನ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. ೧೭೯೫ರಲ್ಲಿ ಪಿಯರ್‌ಸನ್ ಎಂಬಾತನು ಅದರ ಮೇಲೆ ಪ್ರಬಂಧ ಓದಿದನು. ಅಲ್ಲಿ ಅದಕ್ಕೆ ವೂಟ್ಜ್ ಎಂದು ಹೆಸರಾಯಿತು. ಅದು ನಮ್ಮ 'ಉಕ್ಕು' ಶಬ್ದವೇ ರೂಪಗೆಟ್ಟದ್ದೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಇಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುವ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಕುರಿತು ಬರೆದಿದ್ದಾನೆ. ಲಂಡನ್ನಿನಲ್ಲಿ ಚಾಕು ಕತ್ತಿಗಳನ್ನು ಮಾಡುತ್ತಿದ್ದ ಸ್ಟೋಡಾರ್ಟ್ ಈ ಉಕ್ಕನ್ನು ಮೆಚ್ಚಿದನು. ಅವನೊಡನೆ ಸೇರಿ ಮೈಕೇಲ್ ಫ್ಯಾರಡೆಯಂಥ ವಿಜ್ಞಾನಿ ಇದರ ಗುಟ್ಟನ್ನು ಹುಡುಕಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದನು. ಆ ಪ್ರಯೋಗಗಳ ಫಲವಾಗಿ ಅವರು ಮಾಡಿಸಿದ ವಸ್ತುಗಳಲ್ಲಿ ಕ್ಷೌರದ ಕತ್ತಿಗಳೂ ಇದ್ದವು. ಸಾಣೆಗೆ ಬಳಸುವ ಕುರುಂದದ ಕಲ್ಲಿನ ಇಂಗ್ಲಿಷ್ ಹೆಸರು ಕೂಡ ನಮ್ಮ ದಕ್ಷಿಣದ ನುಡಿಯಿಂದಲೇ ಹೋದದ್ದು. ಫ್ಯಾರಡೆ ಮುಟ್ಟಿದರೆ ವಿಜ್ಞಾನವಾಗುವ ವಸ್ತು ಚಾಮರಾಜಪೇಟೆಯಲ್ಲಿ ಕೈರೂಢಿ ಹೇಗಾಗುತ್ತದೆ?

ಇದಕ್ಕೆ ನಮ್ಮ ನೆರೆಯಲ್ಲೇ ಇನ್ನೊಂದು ನಿದರ್ಶನವಿದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮತ್ತು ವೈದ್ಯಕೀಯ ಪ್ರಯೋಗಾಲಯಗಳಲ್ಲಿ ಅಂಗಾಂಶವನ್ನು ತೆಳ್ಳಗೆ ಕೊಯ್ಯಲು ಮೈಕ್ರೋಟೋಮ್ ಎಂಬ ಯಂತ್ರವಿದೆ. ಅದರ ಉಕ್ಕಿನ ಕತ್ತಿಯನ್ನು ಹಿಂದೆ ಕಲ್ಲಿನ ಮೇಲೆ ಮಸೆದು ತೊಗಲಿನ ಪಟ್ಟಿಗೆ ಎಳೆಯುತ್ತಿದ್ದರು. ಮಸೆಯುವಾಗ ಕೋನ ಕೆಡದಿರಲೆಂದು ಕತ್ತಿಯ ಬೆನ್ನಿಗೆ ಲೋಹದ ಕವಚವೊಂದನ್ನು ತೊಡಿಸುತ್ತಿದ್ದರು. ನಮ್ಮ ತಂದೆಯವರ ಅದೇ ಬೆನ್ನು, ಅದೇ ಕಲ್ಲು! ಅಲ್ಲಿ ಅದು ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ರಮವಿಧಿ. ಕಲಿತವನಿಗೆ ಪ್ರಮಾಣಪತ್ರ, ತಿಂಗಳ ಸಂಬಳ. ಈಗ ಅಲ್ಲಿಯೂ ಬಿಸಾಡುವ ಬ್ಲೇಡು ಬಂದಿದೆ.

ಬ್ಲೇಡಿನ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡಬೇಕು, ಏಕೆಂದರೆ ಹಳೆಯದನ್ನೆಲ್ಲ ಮರಳಿ ತರಬೇಕೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ೧೯೦೩ರಲ್ಲಿ ಅಮೆರಿಕದ ಜಿಲೆಟ್ ಕಂಪನಿ ಬಿಸಾಡುವ ಬ್ಲೇಡಿನ ರೇಜರನ್ನು ಮಾರಾಟಕ್ಕೆ ತಂದಿತು. ಮನೆಯಲ್ಲಿಯೇ ಗಡ್ಡ ಹೆರೆದುಕೊಳ್ಳುವವರು ಹೆಚ್ಚಿದರು. ಅಂಗಡಿಗಳಲ್ಲಿ ಕತ್ತಿ ಬಹುಕಾಲ ಉಳಿಯಿತು. ೧೯೮೬ರಲ್ಲಿ ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲಬಾರಿಗೆ ಪತ್ತೆಯಾಗಿ, ಬಳಿಕ ರಕ್ತದ ಮೂಲಕ ಹರಡುವ ರೋಗಗಳ ಅರಿವು ಹಬ್ಬಿದ ಮೇಲೆ, ಗಿರಾಕಿಯೊಬ್ಬನಿಗೆ ಒಂದರಂತೆ ಹೊಸ ಬ್ಲೇಡು ಹಾಕುವ ಹಿಡಿಕತ್ತಿ ರೂಢಿಗೆ ಬಂತು. ಅದು ಸರಿ. ಒಂದೇ ಕತ್ತಿಯನ್ನು ಹಲವು ಗಲ್ಲಗಳ ಮೇಲೆ ಆಡಿಸುವುದನ್ನು ಇಂದು ಯಾರೂ ಸಮರ್ಥಿಸಬಾರದು; ತಂದೆಯವರೂ ಸಮರ್ಥಿಸುವುದಿಲ್ಲ. ಬ್ಲೇಡಿನ ಪೊಟ್ಟಣವನ್ನು ಗಿರಾಕಿಯ ಕಣ್ಣೆದುರಿಗೇ ಬಿಚ್ಚುತ್ತಾರೆ. ಆದರೆ ಒಂದು ಉಪಕರಣ ಕೆಲಸದಿಂದ ನಿವೃತ್ತವಾಯಿತೆಂದು ಅದರ ಹಿಂದಿನ ತಿಳಿವಳಿಕೆ ಸುಳ್ಳಾಗುವುದಿಲ್ಲ. ತಾಳೆಯೋಲೆಯ ಮೇಲೆ ಕಂಠದಿಂದ ಬರೆಯುವ ಕ್ರಮ ನಿಂತುಹೋಗಿದೆ, ಅದನ್ನು ಎಂ.ಎ. ತರಗತಿಯಲ್ಲಿ ಹಸ್ತಪ್ರತಿಶಾಸ್ತ್ರವೆಂದು ಓದುತ್ತಾರೆ. ಓಲೆಗೆ ಇರುವ ಮರ್ಯಾದೆ ಕಲ್ಲಿಗೆ ಏಕಿಲ್ಲ? ಓಲೆಯನ್ನು ಬರೆದವರು ಯಾರು, ಕಲ್ಲನ್ನು ಹಿಡಿದವರು ಯಾರು ಎಂಬುದಲ್ಲದೆ ಬೇರೆ ಕಾರಣ ನನಗೆ ತೋರುವುದಿಲ್ಲ.

ಆಕ್ಷೇಪಣೆ ನಮ್ಮವರಿಂದಲೂ ಬರುತ್ತದೆ, ಅದು ಹೆಚ್ಚು ತೂಕದ್ದು. ಈ ಲೇಖನದ ವಿಷಯ ಕೇಳಿ ನಮ್ಮ ಸೋದರಮಾವ ಕೋಪಗೊಂಡರು. "ಓದಿಸಿದ್ದು ಇದನ್ನ ಬರೆಯೋಕಾ? ನಿನ್ನ ಹೆಸರಿನ ಪಕ್ಕ ಕತ್ತಿ ಕಲ್ಲು ಅಚ್ಚಾದರೆ ನಾಳೆ ಕೆಲಸ ಕೊಡೋರು ಏನಂತಾರೆ?" ಎಂದರು. ಅವರ ಮಾತಿನ ಹಿಂದೆ ಬಹಳ ಅನುಭವವಿದೆ. ಹಿತ್ತಲ ಬಾಗಿಲಲ್ಲಿ ನಿಂತು ಕಾಸು ಪಡೆದವರಿಗೆ ಕಸಬಿನ ನೆನಪೆಂದರೆ ಆ ಬಾಗಿಲಿನ ನೆನಪು. ನಾನೂ ಈ ಕಸಬಿಗೆ ಮರಳುವವನಲ್ಲ. ಹುಟ್ಟಿದ ಮನೆಯನ್ನು ನೋಡಿ ಕಸಬು ಗೊತ್ತುಮಾಡುವ ಪದ್ಧತಿ ಹೋಗಲೇಬೇಕು. ಆದರೆ ಅವಮಾನ ಮಾಡಿದವರದು ತಪ್ಪೇ ಹೊರತು ಕಲ್ಲಿನದಲ್ಲ. ಅವಮಾನದೊಡನೆ ವಿದ್ಯೆಯನ್ನೂ ಹೂತುಬಿಟ್ಟರೆ, ನಾಳೆ ಅದು ಬೆಲ್ಜಿಯಂ ಕಲ್ಲು ಕೊಂಡವರ ಹೆಸರಿನಲ್ಲಿ ಮೇಲೆದ್ದು, ನಮ್ಮ ಅಜ್ಜಂದಿರು ಶಾಸ್ತ್ರ ತಿಳಿಯದವರೆಂಬ ಮಾತೇ ನಿಲ್ಲುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಹಡಪದ ಅಪ್ಪಣ್ಣನವರು ತಮ್ಮ ಕಾಯಕದ ಹೆಸರನ್ನು ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡು ಕಲ್ಯಾಣದ ಶರಣರ ನಡುವೆ ಕುಳಿತರು. ಮಾವನವರಿಗೆ ಇದನ್ನು ಹೇಳಿದೆ. "ಅವರಿಗೆ ಬಸವಣ್ಣ ಪಕ್ಕದಲ್ಲಿದ್ದರು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸರ್ಕಾರಕ್ಕೂ ನಮ್ಮವರು ಕಾಣುವುದು ಕಷ್ಟ ಬಂದಾಗ. ೨೦೨೦ರ ಮೇ ತಿಂಗಳಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದಾಗ ರಾಜ್ಯದ ೨,೩೦,೦೦೦ ಕ್ಷೌರಿಕರಿಗೆ ತಲಾ ೫,೦೦೦ ರೂಪಾಯಿ ನೆರವು ಘೋಷಣೆಯಾಯಿತು. ಉಪಕಾರವೇ. ಆದರೆ ಅಷ್ಟು ಜನರಲ್ಲಿ ನೆರವಿಗೆ ಕೈ ಚಾಚುವವರನ್ನು ಮಾತ್ರವೇ ಕಂಡು, ತಿಳಿದವರನ್ನು ಯಾರೂ ಕೇಳದಿದ್ದರೆ ಅದು ಸರ್ಕಾರಕ್ಕಿಂತ ಹೆಚ್ಚಾಗಿ ಕಾಲೇಜುಗಳ ಕೊರತೆ.

ಆದುದರಿಂದ ಗುರುವೃಂದದವರಲ್ಲಿ ಒಂದು ಸಣ್ಣ ವಿಜ್ಞಾಪನೆ. ನಮ್ಮಲ್ಲಿ ಪ್ರತಿ ವರ್ಷ ವಿಶೇಷೋಪನ್ಯಾಸಗಳು ನಡೆಯುತ್ತವೆ. ಮುಂದಿನ ವರ್ಷ ಅವುಗಳಲ್ಲಿ ಒಂದನ್ನು ಕಲ್ಲು ಬಲ್ಲ ಹಿರಿಯ ಕ್ಷೌರಿಕರೊಬ್ಬರಿಗೆ ಕೊಡಬೇಕು. ನಮ್ಮ ತಂದೆಯವರೇ ಆಗಬೇಕೆಂದಿಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಂಥ ಕೆಲವರು ಇನ್ನೂ ಇದ್ದಾರೆ, ಎಲ್ಲರೂ ಅರವತ್ತು ದಾಟಿದವರು. ಕುಶಲಕಲೆಯ ಪ್ರದರ್ಶನವೆಂದು ಕಾಲೇಜು ಹಬ್ಬದ ದಿನ ಅಂಗಳದಲ್ಲಿ ಕೂರಿಸುವುದು ಬೇಡ. ಸಭಾಂಗಣದಲ್ಲಿ, ವೇದಿಕೆಯ ಮೇಲೆ, ಇತರ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಟ್ಟು ಕರೆಯಬೇಕು. ಪ್ರಶ್ನೆ ಕೇಳಲು ಸಮಯವಿಡಬೇಕು. ಅವರು ಆಡುವ ಕಸಬಿನ ಮಾತುಗಳನ್ನು ಕನ್ನಡ ವಿಭಾಗದವರು ಬರೆದುಕೊಳ್ಳಲಿ. ವೇದಿಕೆಯ ಮೇಲೆ ಬೇಕಾಗುವುದು ಒಂದು ಗಟ್ಟಿಯಾದ ಮೇಜು, ಒಂದು ಬಟ್ಟಲು ನೀರು, ಎಡಗಡೆಯಿಂದ ಬೀಳುವ ಬೆಳಕು. ಫ್ಯಾನನ್ನು ಆರಿಸಿದರೆ ಕಲ್ಲಿನ ಸದ್ದು ಹಿಂದಿನ ಬೆಂಚಿಗೂ ಕೇಳಿಸುತ್ತದೆ.